ಪಿಯಾನೋಗಾಗಿ ನಡೆದ ರೋಸ್

ನನ್ನ ತಂಗಿ ವಿದೇಶದಲ್ಲಿ ಪಿಯಾನೋ ನುಡಿಸುತ್ತಾಳೆ, ಸಂಗೀತವನ್ನೂ ರಚಿಸುತ್ತಾಳೆ. ಪಿಯಾನೋಗೂ ವಾದ್ಯವೃಂದಕ್ಕೂ ಅವಳು ಬರೆದ ಹೊಸ ಕನ್ಸರ್ಟೊ ಕಳೆದ ತಿಂಗಳು ಅಲ್ಲಿನ ದೊಡ್ಡ ಸಭಾಂಗಣದಲ್ಲಿ ನಡೆಯಿತು. ಅದರ ಎರಡನೆಯ ಭಾಗ ಅವಳ ತಾಯ್ನಾಡಿನ ಪ್ರಾಚೀನ ವಿವಾಹ ವಿಧಿಯಿಂದ ಹುಟ್ಟಿದ್ದೆಂದು ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚಾಗಿತ್ತಂತೆ. ಆ ಪ್ರಾಚೀನ ವಿಧಿ ನಡೆದದ್ದು ಹೋದ ವರ್ಷ, ವರ್ಕಾಡಿಯ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ. ಮದುಮಗ ನಾನು. ಆಗ ನನಗೆ ಐವತ್ತು ದಾಟಿತ್ತು, ಮಗಳು ಕಾಲೇಜಿಗೆ ಹೋಗುತ್ತಿದ್ದಳು.

ಹಾಡಿದವಳು ಅಮ್ಮ. ಕನ್ಸರ್ಟೊ ನಡೆಯುವಷ್ಟರಲ್ಲಿ ಅವಳು ತೀರಿಹೋಗಿದ್ದಳು. ಅವಳ ಬಗ್ಗೆ ಬಾಯಿಬಿಟ್ಟು ಮಾತಾಡುವುದು ನನ್ನಿಂದ ಇನ್ನೂ ಆಗುವುದಿಲ್ಲ. ಮನೆಮಾತು ಕೊಂಕಣಿಯಾದರೂ ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಬರೆಯುವುದಾದರೆ ಕನ್ನಡದಲ್ಲೇ ಬರೆಯಬೇಕು.

ನಮ್ಮ ಕಥೊಲಿಕರಲ್ಲಿ ಮದುವೆಯ ಹಿಂದಿನ ದಿನ ರೋಸ್. ಮದುಮಕ್ಕಳ ತಲೆಗೆ ಎಣ್ಣೆ ಹಚ್ಚಿ, ತೆಂಗಿನಹಾಲು ಸುರಿದು ಸ್ನಾನ ಮಾಡಿಸುತ್ತಾರೆ. ಆಗ ಹೆಂಗಸರು ಹೇಳುವ ಹಾಡು ವೊವಿ. ಒಬ್ಬಳು ಮೊದಲು ಹೇಳಬೇಕು, ಉಳಿದವರು ಅದನ್ನೇ ತಿರುಗಿ ಹೇಳಬೇಕು. ಮೊದಲು ಹೇಳುವವಳ ಗಂಡ ಬದುಕಿರಬೇಕು ಎಂಬುದು ಹಳೆಯ ಕಟ್ಟಳೆ. ಎಷ್ಟೋ ಮಂದಿ ಅದನ್ನು ಬಿಟ್ಟಿದ್ದಾರೆ. ಅಮ್ಮ ಬಿಟ್ಟಿರಲಿಲ್ಲ. ಅಪ್ಪ ಹೋದ ಮೇಲೆ ಅವಳು ತಾನಾಗಿಯೇ ಹಿಂದಿನ ಸಾಲಿಗೆ ಸರಿದಳು. ಮುಂದಿನವಳ ರಾಗ ತಪ್ಪಿದರೆ ಅಲ್ಲಿಂದಲೇ ಕೆಮ್ಮುತ್ತಿದ್ದಳು. ಪಾಪ, ನನ್ನ ಹೆಂಡತಿ ಒಮ್ಮೆ ನಿಜವಾದ ಕೆಮ್ಮೆಂದೇ ತಿಳಿದು ಚಪ್ಪರಕ್ಕೇ ಕಷಾಯ ಒಯ್ದು ಬೈಸಿಕೊಂಡು ಬಂದಿದ್ದಳು.

ತಂಗಿ ಸಣ್ಣ ರಜೆಯಲ್ಲಿ ರೆಕಾರ್ಡಿಂಗ್ ಮೆಷಿನ್ ಹಿಡಿದುಕೊಂಡು ಬಂದಳು.

"ಅಮ್ಮ, ನೀನು ಮುಂದೆ ನಿಂತು ಹೇಳಿದ ವೊವಿ ಬೇಕು. ಅದಿಲ್ಲದೆ ನನ್ನ ಎರಡನೆಯ ಭಾಗವೇ ಇಲ್ಲ."

"ಪಿಯಾನೋಗೆ ವೊವಿ ಎಂತಕ್ಕೆ ಮಗಳೇ?"

"ಪಿಯಾನೋ ಮೊದಲು ಹೇಳುತ್ತದೆ, ಉಳಿದ ವಾದ್ಯಗಳು ಹಿಂದಿನಿಂದ ಹೇಳುತ್ತವೆ. ಎರಡೂ ಒಂದೇ ಅಲ್ವಾ?"

ಅಮ್ಮ ಯೋಚಿಸಿದಳು. "ಅಲ್ಲಿ ಮುಂದೆ ಕೂರುವವಳಿಗೆ ಗಂಡ ಇರಬೇಕಾ?"

"ಅಲ್ಲಿ ಅದನ್ನೆಲ್ಲ ಯಾರೂ ಕೇಳುವುದಿಲ್ಲ."

"ಒಳ್ಳೆಯ ಊರು. ಇಲ್ಲಿ ನಾನು ಹೇಳಿ ಯಾರ ಮದುವೆ ಕೆಡಿಸಲಿ? ಮತ್ತೆ ರೋಸ್ ಇಲ್ಲದೆ ಹೇಳಿದರೆ ಆಶೀರ್ವಾದ ಎಲ್ಲ ನಿನ್ನ ಮೆಷಿನ್ನಿಗೇ ಹೋಗುತ್ತದೆ."

ತಂಗಿ ಬೇಡಿಕೊಂಡಳು, ಸಿಟ್ಟು ಮಾಡಿದಳು, ಊಟ ಬಿಟ್ಟಳು. ಅಮ್ಮ ಅವಳ ಪಾಲಿನ ಮೀನನ್ನು ಬೆಕ್ಕಿಗೆ ಹಾಕಿದಳು. ರಜೆ ಮುಗಿಯುತ್ತ ಬಂದಿತ್ತು. ಕೊನೆಗೆ ಅಡುಗೆಮನೆಯಿಂದ ನನ್ನ ಹೆಂಡತಿ ಹೇಳಿದಳು: "ಇವರನ್ನು ಕೂರಿಸಿ ಅಮ್ಮ. ಇವರ ಮದುವೆಯಲ್ಲಿ ಇನ್ನು ಕೆಡಲಿಕ್ಕೆ ಎಂತ ಬಾಕಿ ಉಂಟು?"

ಅಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಅದು ಹೌದು" ಎಂದಳು.

ಮರುದಿನ ಬೆಳಿಗ್ಗೆ ಪಂಚೆ ಉಟ್ಟು ಸ್ಟೂಲಿನ ಮೇಲೆ ಕೂತೆ. ಮಗಳು ಮಿಕ್ಸಿಯಲ್ಲಿ ತೆಂಗಿನಹಾಲು ತೆಗೆದಳು. ಹೆಂಡತಿ ಪಾತ್ರೆ ಎತ್ತಿಕೊಂಡು ಬಂದು, ಇಷ್ಟು ವರ್ಷ ಇದಕ್ಕೇ ಕಾದಿದ್ದವಳಂತೆ, ನನ್ನ ತಲೆಗೆ ಸುರಿದಳು. ಹಾಲು ಮೂಗಿಗೆ ಹೋಯಿತು.

"ಮದುಮಗ ಸೀನಬಾರದು," ಎಂದಳು ಅಮ್ಮ.

"ಹಾಲು ತಣ್ಣಗೆ ಉಂಟು."

"ನಿನ್ನ ನಿಜವಾದ ರೋಸಿನಲ್ಲೂ ಇದನ್ನೇ ಹೇಳಿದ್ದಿ. ಸುಮ್ಮನೆ ಕೂತುಕೋ ಪುತಾ."

ಅಮ್ಮ ಶಿಲುಬೆಯ ಗುರುತು ಮಾಡಿ ಶುರು ಮಾಡಿದಳು. ಮೊದಲ ಸಾಲಿಗೆ ದನಿ ನಡುಗಿತು. ಎರಡನೆಯದಕ್ಕೆ ಏರಿತು. ಹೆಂಡತಿ, ಮಗಳು ತಿರುಗಿ ಹೇಳಿದರು. ತಂಗಿ ಮೆಷಿನ್ ಹಿಡಿದುಕೊಂಡು ಅಳುತ್ತ ನಿಂತಿದ್ದಳು, ಅಳುವ ಸದ್ದು ಅದರೊಳಗೆ ಹೋಗಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಹಿತ್ತಲಿನಿಂದ ಓಡಿ ಬಂದಳು. ಮುಂದಿನ ತಿಂಗಳು ಅವಳ ಮಗಳ ಮದುವೆ.

"ಯಾರ ಮದುವೆ ಮಾವ್ಶಿ? ನಮಗೆ ಹೇಳಿಕೆಯೇ ಇಲ್ಲ!"

ಅಮ್ಮನ ಹಾಡು ಅರ್ಧಕ್ಕೆ ನಿಂತಿತು. ವಿಧವೆ ಮುಂದೆ ನಿಂತು ಹೇಳುವುದನ್ನು ಹೊರಗಿನವರು ನೋಡಿಬಿಟ್ಟಿದ್ದರು. ಆಕೆ ಅಮ್ಮನನ್ನು ನೋಡಿದಳು, ಹಾಲು ಸೋರುತ್ತಿದ್ದ ನನ್ನನ್ನು ನೋಡಿದಳು. ಹೆಂಡತಿ ವಿಷಯ ಹೇಳಿದ ಮೇಲೆ ಜಗಲಿಯ ಮೇಲೆ ಕೂತುಬಿಟ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಮಾವ್ಶಿ, ನಮ್ಮ ಹುಡುಗಿಯ ರೋಸಿಗೂ ನೀವೇ ಹೇಳಬೇಕು" ಎಂದಳು.

"ನಿನಗೆ ಮಂಡೆ ಸಮ ಉಂಟಾ ಮಾರಾಯ್ತಿ? ಇದು ಬರೀ ಆಟ."

"ನಾನು ಆಟಕ್ಕೆ ಹೇಳುವುದಲ್ಲ. ಈಗ ಕೇಳಿದ ಮೇಲೆ ಬೇರೆಯವರದ್ದು ಹೇಗೆ ಕೇಳುವುದು?"

ಅಮ್ಮ ನನ್ನ ಕಡೆ ತಿರುಗಿದಳು. "ಇವನ ತಲೆ ಒಣಗುತ್ತದೆ" ಎಂದು ಹಾಡಿಗೆ ಮರಳಿದಳು. ಈ ಸಲ ತಿರುಗಿ ಹೇಳಲು ಮೂವರಿದ್ದರು. ತಂಗಿಗೆ ಬೇಕಾದದ್ದು ಸಿಕ್ಕಿದ ಮೇಲೂ ಅಮ್ಮ ನಿಲ್ಲಿಸಲಿಲ್ಲ. ನಾನು ಸ್ನಾನಕ್ಕೆ ಏಳುವಾಗ ಇರುವೆಗಳು ಬಂದಿದ್ದವು.

ತಂಗಿ ಹಿಂತಿರುಗಿದಳು. ಪಕ್ಕದ ಮನೆಯ ಮದುವೆಯ ಹಿಂದಿನ ದಿನ ಅಮ್ಮ ಹೋಗುವುದಿಲ್ಲ ಎಂದು ಹೇಳುತ್ತಲೇ ಸೀರೆ ಉಟ್ಟಳು, ಹೋಗುವುದಿಲ್ಲ ಎನ್ನುತ್ತಲೇ ಹಿತ್ತಲು ದಾಟಿದಳು. ಚಪ್ಪರದಲ್ಲಿ ಮದುಮಗಳ ತಾಯಿ ಅಮ್ಮನ ಕೈಹಿಡಿದು ಮುಂದೆ ನಿಲ್ಲಿಸಿದಳು. ಹೆಂಗಸರು ಗುಸುಗುಟ್ಟಿದರು. ಅಮ್ಮ ಮದುಮಗಳ ಹಣೆಗೆ ಶಿಲುಬೆ ಬರೆದು ಕೇಳಿದಳು: "ನಿನಗೆ ಹೆದರಿಕೆ ಉಂಟಾ?"

"ಹಾಲು ತಣ್ಣಗೆ ಇರುತ್ತದೆಂಬ ಹೆದರಿಕೆ ಮಾತ್ರ," ಎಂದಳು ಹುಡುಗಿ.

ಅಮ್ಮ ಶುರು ಮಾಡಿದಳು. ಮದುಮಗಳ ದೊಡ್ಡಮ್ಮ ಮುಖ ಗಂಟಿಕ್ಕಿಕೊಂಡು ಎದ್ದು ಹೊರಗೆ ಹೋದರು. ಅಮ್ಮ ಅದನ್ನು ನೋಡಿದಳು, ಆದರೆ ದನಿ ತಗ್ಗಿಸಲಿಲ್ಲ. ನಾನು ಹೊರಗೆ ಗಂಡಸರ ಜತೆ ಕುರ್ಚಿ ಜೋಡಿಸುತ್ತಿದ್ದೆ. ದೊಡ್ಡಮ್ಮ ಕಂಬದ ಪಕ್ಕ ಬೆನ್ನು ತಿರುಗಿಸಿ ನಿಂತರು. ಸ್ವಲ್ಪ ಹೊತ್ತಿಗೆ ಅವರ ತುಟಿ ಅಲ್ಲಾಡಿತು. ಆಮೇಲೆ ಅಮ್ಮನ ಒಂದೊಂದು ಸಾಲನ್ನೂ ಎಲ್ಲರಿಗಿಂತ ಜೋರಾಗಿ ತಿರುಗಿ ಹೇಳಿದರು. ಒಳಗೆ ಮಾತ್ರ ಹೋಗಲಿಲ್ಲ.