ಹುಸೇನವ್ವ ಎಂದು ಕರೆದವರು

ನಾನು ಚಿಕ್ಕಮ್ಮನಂತೆ ಚಾಚಿ ಎಂದು ಕರೆಯುತ್ತಿದ್ದವರು ಕುಳಿತಿದ್ದಾಗಲೂ ಅವರ ಬಲಗಾಲಿನ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ಮೈಯೆಲ್ಲ ಚಾಪೆಯ ಮೇಲಿದ್ದರೂ ಆ ಬೆರಳು ಮಾತ್ರ ಎಲ್ಲಿಗೋ ಹೊರಟಂತೆ ಆಡುತ್ತಿತ್ತು. ಚಹಾ ಕೊಟ್ಟರೆ ಅರ್ಧ ಕುಡಿದು, "ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೇನಿ" ಎಂದು ಎದ್ದುಬಿಡುವರು. ಹೋಗಿ ನೋಡಿದರೆ ಒಲೆಯನ್ನೇ ಹಚ್ಚಿರುತ್ತಿರಲಿಲ್ಲ. ಮೂಡಲಗಿಯ ತವರಿಗೆ ಹೋದರೂ ಅಲ್ಲಿ ಒಂದು ರಾತ್ರಿ ಉಳಿದವರಲ್ಲ.

ಗೋಕಾಕದಲ್ಲಿ ಅವರದು ನಮ್ಮ ಬಾಜೂ ಮನೆ, ಮೊಹರಮ್‌ನಲ್ಲಿ ಹಸ್ತದ ಆಕಾರದ ಪಂಜಾ ಕೂಡಿಸುವ ಮನೆತನ. ನನಗಿಂತ ಮುಂಚೆ ಹುಟ್ಟಿದ ಮಕ್ಕಳು ಅವ್ವನಿಗೆ ದಕ್ಕಿರಲಿಲ್ಲ. ನಾನು ಹುಟ್ಟಿದಾಗ ಚಾಚಿಯೇ ಎತ್ತಿಕೊಂಡು ಹೋಗಿ, ಪಂಜಾದ ಮುಂದೆ ಮಲಗಿಸಿ, ಸಕ್ಕರೆಯ ಮುಂದೆ ಪ್ರಾರ್ಥನೆ ಓದಿಸಿ, ಕೊರಳಿಗೆ ಕೆಂಪು ದಾರದ ಲಾಡಿ ಹಾಕಿ ಹುಸೇನವ್ವ ಎಂದು ಕರೆದರಂತೆ. ವಿಭೂತಿ ಹಚ್ಚುವ ಮನೆಯಲ್ಲಿ ಹುಸೇನವ್ವ, ಫಕೀರಪ್ಪ ಇರುವುದು ನಮ್ಮ ಕಡೆ ಯಾರಿಗೂ ವಿಚಿತ್ರವಲ್ಲ. ಹರಕೆಯ ಹೆಸರು ಬಿಟ್ಟರೆ ಮಗು ಉಳಿಯುವುದಿಲ್ಲ ಎಂಬ ಹೆದರಿಕೆ ಮಾತ್ರ ಅವ್ವನಿಗಿಂತ ಚಾಚಿಗೇ ಹೆಚ್ಚಿತ್ತು.

ಹುಕ್ಕೇರಿಯವರು ನನ್ನನ್ನು ನೋಡಲು ಬಂದಾಗ, ಮುಂದೆ ನನಗೆ ಅತ್ತೆಯಾದವರು ಎಲ್ಲವನ್ನೂ ಒಪ್ಪಿ, "ಹೆಸರಷ್ಟ ಬದಲಿ ಮಾಡೂಣ್ರಿ" ಎಂದರು. ಮದುವೆಯಲ್ಲಿ ವರ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುವುದು ಅವರ ಮನೆಯ ಪದ್ಧತಿ. ಯಾವ ಸೊಸೆಯನ್ನೂ ಬಿಟ್ಟಿರಲಿಲ್ಲ. ಆದರೂ ನನಗೆ ಸಿಟ್ಟು ಬಂತು, ಈಗಲೂ ಅಷ್ಟಿಷ್ಟು ಉಳಿದಿದೆ.

"ಅಲ್ಲಾ, ಆ ಹೆಸರಿನ ಅರ್ಥರೆ ಏನ್ರಿ?" ಎಂದು ಅತ್ತೆ ಕೇಳಿದರು.

ಬಾಗಿಲಲ್ಲಿ ನಿಂತಿದ್ದ ಚಾಚಿ ಹೇಳಿದರು: "ಅರಬ್ಬಿ ಒಳಗ ಹಸನ್ ಅಂದ್ರ ಚೆಂದ, ಒಳ್ಳೇದು. ಹುಸೇನ್ ಅಂದ್ರ ಅದನ್ನ ಮುದ್ದಿಲೆ ಕರದಂಗ್ರಿ. ಪೈಗಂಬರರ ಮೊಮ್ಮಗನ ಹೆಸರು. ಕರ್ಬಲಾದಾಗ ನೀರಿಲ್ದ ಪ್ರಾಣ ಕೊಟ್ಟಾರ. ಆದ್ರ ಈಕಿಗೆ ನಾವು ಅರ್ಥ ನೋಡಿ ಇಟ್ಟಿಲ್ರಿ. ಉಳೀಲಿ ಅಂತ ಇಟ್ಟೀವಿ."

ಮದುವೆಯಲ್ಲಿ ನಾನು ಸುನೀತಾ ಆದೆ. ಬೀಗರ ಮುಲಾಜಿಗೆ ಅಪ್ಪ, ಅವ್ವ ಕೂಡ ಅದನ್ನೇ ರೂಢಿ ಮಾಡಿಕೊಂಡರು. ಚಾಚಿ ಮಾತ್ರ ಮರುದಿನ ಬೆಳಿಗ್ಗೆಯೇ ತಮ್ಮ ಸೊಸೆಯ ಮೊಬೈಲಿನಿಂದ ಫೋನ್ ಮಾಡಿದರು.

"ಹುಸೇನವ್ವಾ?"

"ಓ."

ಅಷ್ಟೇ, ಇಟ್ಟುಬಿಟ್ಟರು. ಅಂದಿನಿಂದ ದಿನಾ ನಾನು ಹಾಲು ಕಾಯಿಸುವ ಹೊತ್ತಿಗೆ ಇದೇ ಮಾತು. ಒಮ್ಮೆ ಚಾರ್ಜಿಲ್ಲದೆ ನನ್ನ ಫೋನ್ ಬಂದ್ ಆಗಿತ್ತು. ಮಧ್ಯಾಹ್ನದೊಳಗೆ ಚಾಚಿ ಬಸ್ಸು ಹಿಡಿದು ನಮ್ಮ ಅಂಗಳಕ್ಕೆ ಬಂದಿಳಿದರು. ನನ್ನ ಗಲ್ಲ ಮುಟ್ಟಿ, "ಅದಾಳ, ಸಾಕ" ಎಂದು ತಿರುಗಿದರು. ಅತ್ತೆ ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದರು.

"ಇದೇನ ಹುಚ್ಚ, ಚಾಚಿ?" ಎಂದೆ.

"ಕಟ್ಟಿದ ಹೆಸರ ಬಿಚ್ಯಾರ. ದಿನಾ ಒಬ್ಬರರೆ ಕರೀಬೇಕ, ನೀ ಓ ಅನಬೇಕ. ಇಲ್ಲಂದ್ರ ನನ್ನ ಜೀವ ನಿಲ್ಲಂಗಿಲ್ಲ."

ಈ ಬೇಸಿಗೆಯಲ್ಲಿ ಚಾಚಿ ತೀರಿಕೊಂಡರು. ಕಡೆಯ ಮುಖ ನೋಡಿ ಬಂದ ಮೇಲೆ ನನಗೆ ಬೆಳಗಾದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾನು ಇಂಥದನ್ನೆಲ್ಲ ನಂಬುವವಳಲ್ಲ. ಆದರೂ ಫೋನ್ ಹಿಡಿದು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ ಸುತ್ತುತ್ತಿದ್ದೆ. ಚಾಚಿಯ ಹೆದರಿಕೆ ನನ್ನ ಪಾಲಿಗೆ ಬಂದಿತ್ತು. ಹಾಲು ಉಕ್ಕಿ ಹೋಗುತ್ತಿತ್ತು. ಅತ್ತೆ ಒಲೆ ಒರೆಸುತ್ತಿದ್ದರು.

ಒಂದು ಬೆಳಿಗ್ಗೆ ನಾನು ಹಿತ್ತಲಿನಲ್ಲಿದ್ದಾಗ ಒಳಗಿನಿಂದ ಅತ್ತೆಯ ದನಿ ಕೇಳಿತು. ರೂಢಿಯಿಲ್ಲದ ನಾಲಗೆ, ತುಸು ತಡವರಿಸಿತು.

"ಹುಸೇನವ್ವಾ..."

ಓ ಅನ್ನುವುದನ್ನು ಮರೆತು ಕೈಯಲ್ಲಿದ್ದ ಫೋನನ್ನೇ ನೋಡಿದೆ. ಅತ್ತೆ ಸೌಟು ಹಿಡಿದುಕೊಂಡೇ ಹಿತ್ತಲ ಬಾಗಿಲಿಗೆ ಓಡಿ ಬಂದರು. ಮುಖ ಬಿಳಿಚಿಕೊಂಡಿತ್ತು.

"ಲಗೂನ ಓ ಅನ್ನವಾ" ಎಂದರು. "ನನ್ನ ಎದಿ ಹಾರಾಕತ್ತೈತಿ."

"ಓ" ಎಂದೆ.