ಗಿಳಿಗೆ ಬೈಯುವ ಪೆಟ್ಟಿಗೆ

ಗೋಕಾಕದಲ್ಲಿ ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದಾಗ, ಊರಿನ ಜನಕ್ಕೆ ಉಪಯೋಗವಾಗುವ ಸಣ್ಣ ಉದ್ಯಮವೊಂದನ್ನು ನೀವೇ ಶುರುಮಾಡಬೇಕೆಂದು ಕಾಲೇಜಿನಲ್ಲಿ ಹೇಳಿದರು. ನನಗೆ ಮೊದಲು ನೆನಪಾದದ್ದು ತುಕ್ಕಾನಟ್ಟಿಯಲ್ಲಿರುವ ಚಿಗವ್ವನ ಗಂಟಲು.

ಚಿಗವ್ವ ನಮ್ಮವ್ವನ ತಂಗಿ. ಜೋಳದ ತೆನೆಗೆ ಹಾಲು ತುಂಬಿತೆಂದರೆ ಅವಳು ದಿನವಿಡೀ ಹೊಲದ ಅಟ್ಟದ ಮೇಲೆ ನಿಂತು ಗಿಳಿ ಓಡಿಸಬೇಕು. ಸಂಜೆ ಮನೆಗೆ ಬರುವಷ್ಟರಲ್ಲಿ ದನಿ ಬಿದ್ದುಹೋಗಿ, ಚಹಾ ಬೇಕೆಂಬುದನ್ನೂ ಕೈಸನ್ನೆಯಲ್ಲೇ ಹೇಳುತ್ತಿದ್ದಳು.

ಹುಕ್ಕೇರಿಯ ನನ್ನ ಗೆಳೆಯನಿಗೆ ವೈರು, ಬ್ಯಾಟರಿಗಳ ಹುಚ್ಚು. ಬಿಸಿಲಿನಲ್ಲಿ ಚಾರ್ಜ್ ಆಗಿ ಆಗಾಗ ತಾನೇ ಕೂಗುವ ಪೆಟ್ಟಿಗೆಯೊಂದನ್ನು ಅವನು ಜೋಡಿಸಿದ. ಅದರಲ್ಲಿ ಹುಲಿಯ ಗರ್ಜನೆ ಹಾಕಿ ಚಿಗವ್ವನ ಹೊಲದಲ್ಲಿ ಇಟ್ಟೆವು. ಗಿಳಿಗಳು ತಲೆಯೆತ್ತದೆ ತಿನ್ನುತ್ತಲೇ ಇದ್ದವು. ಬಾಜೂ ಹೊಲದ ಎಮ್ಮೆ ಮಾತ್ರ ಹಗ್ಗ ಹರಿದುಕೊಂಡು ಓಡಿತು. ಅದನ್ನು ಹಿಡಿದು ತರುವುದರಲ್ಲೇ ಆ ದಿನ ಮುಗಿಯಿತು.

ಮರುದಿನ ಗೆಳೆಯ ತನ್ನ ದನಿಯಲ್ಲೇ “ಹೋಗ್ರಿ, ಹೋಗ್ರಿ” ಎಂದು ರೆಕಾರ್ಡ್ ಮಾಡಿದ. ಒಳ್ಳೆಯ ಮನೆತನದ ಹುಡುಗ.

“ಗಿಳಿಗೆ ರೀ ಅಂತಿಯೇನೋ? ಬೀಗರೇನ ಅವು? ತಾ ಇಲ್ಲಿ!” ಚಿಗವ್ವ ಮೊಬೈಲ್ ಕಿತ್ತುಕೊಂಡಳು. “ಏ ಹಾಳಾದವನ! ಯಾರ ಹೊಲಾ ಅಂತ ತಿಳದಿ? ಬಡಿಗಿ ತಗೊಂಡ ಬಂದೆ ನೋಡು!”

ಪೆಟ್ಟಿಗೆ ಅದನ್ನೇ ಕೂಗಿದಾಗ ಇಡೀ ಹಿಂಡು ಎದ್ದು ಬೇವಿನ ಮರದಾಚೆ ಹೋಯಿತು.

ಊರಿನಲ್ಲಿ ಚಿಗವ್ವನ ದನಿಯ ಪೆಟ್ಟಿಗೆಗೆ ಬೇಡಿಕೆ ಬಂತು. ಆದರೆ ಹೊಲದ ದಾರಿಯಲ್ಲಿ ಹೋಗುವ ಗಂಡಸರೆಲ್ಲ “ಏ ಹಾಳಾದವನ!” ಎಂದು ಕೇಳಿಸಿದೊಡನೆ ತಮ್ಮನ್ನೇ ಕರೆದಂತೆ ನಿಲ್ಲತೊಡಗಿದರು. ಒಮ್ಮೆ ಕಾಕಾ, ಅಂದರೆ ಚಿಗವ್ವನ ಗಂಡ, ಯಾರದೋ ಹೊಲದಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಹೆಂಡತಿಯ ದನಿ ಕೇಳಿ ಕಪ್ಪು ಕೆಳಗಿಟ್ಟವರೇ ನೆಟ್ಟಗೆ ಮನೆಗೆ ಬಂದರು. ಚಿಗವ್ವ ರೊಟ್ಟಿ ತಿನ್ನುತ್ತಿದ್ದಳು.

“ನೀ ಇಲ್ಲೇ ಅದಿ? ಮತ್ತ ಅಲ್ಲಿ ಒದರಾಕತ್ತಾಕಿ ಯಾರ?”

ಹುಕ್ಕೇರಿಯಲ್ಲಿ ಗೆಳೆಯನ ಅಜ್ಜಿ ಪೆಟ್ಟಿಗೆಯನ್ನೇ ಒಳಗೆ ಬಿಟ್ಟುಕೊಳ್ಳಲಿಲ್ಲ. “ನಮ್ಮ ಹೊಲದಾಗ ಮಂದಿ ಮನಿ ಹೆಣ್ಮಗಳು ಯಾಕ ಒದರಬೇಕು? ನನ್ನ ಬಾಯಿಗೆ ಏನ ಆಗೇತಿ?”

ಅಜ್ಜಿಯ ಮಾತು ಸರಿಯೆನಿಸಿತು. ಅಂದಿನಿಂದ ಯಾವ ಮನೆಯ ಪೆಟ್ಟಿಗೆಯೋ ಆ ಮನೆಯ ಹೆಂಗಸಿನದೇ ದನಿ. ನಾವು ಮನೆಮನೆಗೆ ಹೋಗಿ ಬೈಗುಳ ತುಂಬಿಕೊಂಡು ಬರತೊಡಗಿದೆವು.

ಮೂಡಲಗಿ ಹತ್ತಿರದ ಒಂದು ಮನೆಯಲ್ಲಿ ಹಕ್ಕಿ ಕಾಯುತ್ತಿದ್ದವಳು ಸೊಸೆ. ಎಷ್ಟು ಹೇಳಿದರೂ ಅವಳ ಬಾಯಿಂದ ಪಿಸುಮಾತಿಗಿಂತ ಹೆಚ್ಚು ಬರಲಿಲ್ಲ. “ಅತ್ತಿ ಮುಂದ ಹ್ಯಾಂಗ ಒದರಲಿರಿ?” ಎಂದು ಸೆರಗು ತಿರುವಿದಳು.

ಕಟ್ಟೆಯ ಮೇಲೆ ಕೂತಿದ್ದ ಅತ್ತೆ, “ನಾ ಇಲ್ಲಂತ ತಿಳಕೋವಾ. ಬಾಯಿ ತುಂಬ ಬೈ,” ಎಂದರು.

ಸೊಸೆ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. “ಮುಂಜಾನಿಂದ ಕುಂತಲ್ಲೇ ತಿಂತಿ! ಒಂದ ಕಡ್ಡಿ ಇತ್ತಿಂದ ಅತ್ತ ಇಡಂಗಿಲ್ಲ! ಮ್ಯಾಲ ನಾ ಮಾಡಿದ ಪಲ್ಯಾಕ್ಕ ಹೆಸರ ಇಡತಿ!”

ಗಿಳಿಗಳು ಪಲ್ಯದಲ್ಲಿ ಹುಳುಕು ಹುಡುಕಿ ಹೆಸರಿಡುವುದಿಲ್ಲ. ನಾನೂ ಗೆಳೆಯನೂ ತಲೆಯೆತ್ತದೆ ಮೊಬೈಲನ್ನೇ ನೋಡುತ್ತ ನಿಂತೆವು. ಅತ್ತೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಚಹಾ ತಂದರು. ಮೊದಲ ಕಪ್ಪನ್ನು ಸೊಸೆಯ ಕೈಗಿತ್ತು, “ಛಲೋ ಬೈತಿ ನೋಡು. ಇನ್ನ ಒಂದ ಗಿಳಿ ಈ ಕಡೆ ತಲಿ ಹಾಕಂಗಿಲ್ಲ,” ಎಂದರು. ಆ ಹೊಲಕ್ಕೆ ಇವತ್ತಿಗೂ ಅದೇ ರೆಕಾರ್ಡಿಂಗು.

ಚಿಗವ್ವ ಈಗ ಜೋಳದ ದಿನಗಳಲ್ಲಿ ಮೂಡಲಗಿಗೆ ಹೊಲಿಗೆ ಕಲಿಯಲು ಹೋಗುತ್ತಾಳೆ. ಮೊದಲ ಜಂಪರನ್ನು ನಮ್ಮವ್ವನಿಗೇ ಹೊಲಿದುಕೊಟ್ಟಳು. ಒಂದು ತೋಳು ಗಿಡ್ಡ, ಒಂದು ಉದ್ದ. ಅವ್ವ ಅದನ್ನೇ ತೊಟ್ಟು, ಗಿಡ್ಡ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮದುವೆಯೊಂದಕ್ಕೆ ಹೋಗಿ, ಎಡಗೈ ಹೊರಗೆ ತೆಗೆಯದೆ ಊಟ ಮುಗಿಸಿ ಬಂದಳು.