ಕೂಸುಗಳಿಗೆ ಬಿಳಿ ಹೂ

ನನ್ನ ಮೊದಲ ಮಗಳು ಹನ್ನೊಂದು ದಿನ ಬದುಕಿದ್ದಳು. ಕುಲಗೋಡದ ನಮ್ಮ ಹೊಲದ ಮೂಲೆಯಲ್ಲಿ ಅವಳನ್ನು ಮಣ್ಣು ಮಾಡಿದರು. ಎಳೆ ಕೂಸಿಗೆ ತಿಥಿಯಿಲ್ಲ, ಎಡೆಯಿಲ್ಲ. ಹೆಸರೂ ಇಟ್ಟಿರಲಿಲ್ಲ, ಕರೆದು ಅಳುವುದು ಹೇಗೆ?

ಆರು ವರ್ಷದ ಮೇಲೆ, ನಾನು ಕಲಿಸುವ ಮೂಡಲಗಿಯ ಶಾಲೆಯಲ್ಲಿ ಪಾಠಕ್ಕೆಂದು ಮೆಕ್ಸಿಕೋ ದೇಶದ ಬಗ್ಗೆ ಓದುತ್ತಿದ್ದೆ. ಅಲ್ಲಿ ಸತ್ತವರು ವರ್ಷಕ್ಕೊಮ್ಮೆ ಮನೆಗೆ ಬರುತ್ತಾರಂತೆ. ದಾರಿ ತಪ್ಪದಿರಲೆಂದು ಬಾಗಿಲವರೆಗೆ ಚೆಂಡು ಹೂವಿನ ಎಸಳು ಚೆಲ್ಲುತ್ತಾರೆ. ಆ ಬಣ್ಣ, ಆ ವಾಸನೆ ಹಿಡಿದು ಅವರು ಬರಬೇಕು. ನಮ್ಮ ದಸರೆಯ ಅದೇ ಚೆಂಡು ಹೂ. ಸತ್ತ ಮಕ್ಕಳು ಮಾತ್ರ ಒಂದು ದಿನ ಮೊದಲೇ ಬರುತ್ತಾರೆ. ಯಾವ ಪಾಪವೂ ಅಂಟದೆ ಹೋದವರೆಂದು ಅವರಿಗೆ ಬಿಳಿ ಹೂ.

ಅಂದು ಸಂಜೆ ಗಂಡನಿಗೆ ಇದನ್ನು ಹೇಳಿ, ಕೂಸಿನ ಮೂಲೆಯಲ್ಲಿ ಬಿಳಿ ಹೂವಿನ ಗಿಡ ಹಚ್ಚಲೇ ಎಂದು ಕೇಳಿದೆ. ಕೂಸು ಹೋದ ಮೇಲೆ ಅದರ ಮಾತು ನಮ್ಮಿಬ್ಬರ ನಡುವೆ ಬಂದದ್ದು ಅದೇ ಮೊದಲು.

"ಹಚ್ಚು. ಆ ಮೂಲಿ ನಿಂದ. ಯಾರೂ ಮುಟ್ಟೂದಿಲ್ಲ," ಎಂದ. ಗೋಕಾಕದಿಂದ ಬಿಳಿ ಶಾವಂತಿಗೆಯ ಸಸಿ ತಂದುಕೊಟ್ಟವನೂ ಅವನೇ.

ಮೊಗ್ಗು ಬಿಡುವ ಹೊತ್ತಿಗೆ, ತಾಯಿಗೆ ಆರಾಮಿಲ್ಲವೆಂದು ಹುಕ್ಕೇರಿಗೆ ಹೋದೆ. ದಿನಾ ಫೋನಿನಲ್ಲಿ ಗಿಡಗಳ ಬಗ್ಗೆ ಕೇಳುತ್ತಿದ್ದೆ. ನೀರು ಹಾಕಿದ್ದೇನೆ, ಹೂ ಅರಳುತ್ತಿವೆ ಅನ್ನುತ್ತಿದ್ದ. ಇಪ್ಪತ್ತು ದಿನದ ಮೇಲೆ ಬಂದು ನೋಡಿದರೆ ಆ ಮೂಲೆಯೇ ಇರಲಿಲ್ಲ. ನೆಲ ಸಮ ಮಾಡಿ ಕಬ್ಬು ಹಚ್ಚಿದ್ದರು. ಮೊಳಕೆ ಆಗಲೇ ಮೇಲೆ ಬಂದಿತ್ತು. ಅಂದರೆ ನಾನು ಬಸ್ಸು ಹತ್ತಿದ ಒಂದೆರಡು ದಿನದಲ್ಲೇ ಆದ ಕೆಲಸ.

"ಟ್ರ್ಯಾಕ್ಟರ್ ತಿರುಗಾಕ ಅಡ್ಡ ಆಗತಿತ್ತು," ಎಂದ ಗಂಡ, ಮನೆಗೆ ಬಂದು ಕೇಳಿದಾಗ. ಹೂ ಬೇಕಾದರೆ ಮನೆ ಮುಂದೆ ಹಚ್ಚಿಕೋ ಎಂದೂ ಹೇಳಿದ. ನೆಲ ಹೋದದ್ದಕ್ಕಿಂತ, ಇಲ್ಲದ ಗಿಡಕ್ಕೆ ದಿನಾ ನೀರು ಹಾಕಿದೆನೆಂದ ಅವನ ದನಿ ನನ್ನನ್ನು ಹೆಚ್ಚು ಸುಟ್ಟಿತು.

ಇದು ಅತ್ತೆಯ ಕೆಲಸವೇ ಇರಬೇಕೆಂದು ನಾನು ಎಣಿಸಿದ್ದೆ. ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದ ಅವರು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು.

"ನಿನ್ನ ಮಗಳ ಬಾಜೂಕ ನನ್ನ ಮಗಾನೂ ಇದ್ದ ಯವ್ವಾ. ನಿನ್ನ ಗಂಡಗಿಂತ ಮೊದಲ ಹುಟ್ಟಿದಾವ. ಇವಗ ಅದು ಗೊತ್ತಿತ್ತ, ನಾನ ಹೇಳಿದ್ದೆ."

ಆಮೇಲೆ ಅವರೇ ಕೇಳಿದರು: "ನೀ ಓದಿದ ಆ ದೇಶದಾಗ ಅಷ್ಟ ಹಳೇ ಕೂಸಿಗೂ ಹೂ ಇಡತಾರೇನು?"

ಇಡುತ್ತಾರೆ ಎಂದೆ.

ಮರುದಿನ ಮೂಡಲಗಿಯಿಂದ ಬಿಳಿ ಶಾವಂತಿಗೆ ತಂದೆ. ಕಬ್ಬಿನ ಸಾಲುಗಳ ನಡುವೆ ಅಂದಾಜಿನ ಮೇಲೆ ಇಬ್ಬರೂ ಹೂ ಇಟ್ಟೆವು. ಜಾಗ ಖಾತ್ರಿಯಾಗಿ ಇಬ್ಬರಿಗೂ ತಿಳಿಯಲಿಲ್ಲ. ಗಂಡ ದೂರದಿಂದ ನೋಡಿ, ಪಂಪ್ ಚಾಲೂ ಮಾಡಲು ಹೋದ.

ನಾನು ಈಗಲೂ ಅದೇ ಮನೆಯಲ್ಲಿದ್ದೇನೆ. ಅವನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತೇನೆ. ನಂಬುವುದನ್ನು ಮಾತ್ರ ಬಿಟ್ಟಿದ್ದೇನೆ.